ಬೈಪಾಸ್ ಬಿಟ್ಟು ನಮ್ಮ ಹೋಟೆಲಿಗೆ ಬರುವವರು ಯಾಕೆ ಬರುತ್ತಾರೆ? ಕೆಲಸದ ಹುಡುಗರ ಬಗ್ಗೆ ಒಂದು ಪ್ರಶ್ನೆ

ಹಳೇರಸ್ತೆ ಹೋಟೆಲ್, ಮಂಡ್ಯ

ಎಲ್ಲರಿಗೂ ನಮಸ್ಕಾರ. ಮಂಡ್ಯದ ಹತ್ತಿರ ಹಳೇ ಬೆಂಗಳೂರು–ಮೈಸೂರು ರಸ್ತೆಯಲ್ಲಿ ನಮ್ಮದೊಂದು ಹೋಟೆಲ್ ಇದೆ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಅಡುಗೆಮನೆ, ಸಪ್ಲೈ, ಕ್ಲೀನಿಂಗ್ ಎಲ್ಲಾ ಸೇರಿ ಹದಿನಾಲ್ಕು ಜನ.

2023ರ ಮಾರ್ಚ್ 12ರಂದು ಹೊಸ ಹೆದ್ದಾರಿಯ ಉದ್ಘಾಟನೆ ಆಯಿತು. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲದಕ್ಕೂ ಬೈಪಾಸ್. ದೂರದ ಪ್ರಯಾಣ ಮಾಡುವವರಿಗೆ ಒಳ್ಳೆಯದೇ ಆಯಿತು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹಳೇ ರಸ್ತೆ ಬದಿಯ ಹೋಟೆಲುಗಳಿಗೆ ಏನಾಯಿತು ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಹಸಿವಾದವರು ಬೋರ್ಡ್ ಕಂಡ ಕಡೆ ಗಾಡಿ ನಿಲ್ಲಿಸುತ್ತಿದ್ದರು. ಈಗ ನಮ್ಮಲ್ಲಿ ತಿನ್ನಬೇಕೆಂದರೆ ನೆನಪಿಟ್ಟುಕೊಂಡು, ಬೈಪಾಸಿನಿಂದ ಇಳಿದು, ಸುತ್ತಿಕೊಂಡು ಬರಬೇಕು.

ಹಾಗೆ ಬರುವವರೂ ಇದ್ದಾರೆ. ಹೋದ ತಿಂಗಳು ಒಬ್ಬರನ್ನು ಕೇಳಿಯೇ ಬಿಟ್ಟೆ. "ಯಾಕ್ ಸಾರ್, ಇಷ್ಟು ಸುತ್ತಿಕೊಂಡು ಬಂದ್ರಿ?" ಚಟ್ನಿ ಚೆನ್ನಾಗಿದೆ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದೇ ಬೇರೆ. ಹಿಂದೆ ಒಮ್ಮೆ ತಾಯಿಯನ್ನು ಆಸ್ಪತ್ರೆಯಿಂದ ಬಿಡಿಸಿಕೊಂಡು ಊರಿಗೆ ಹೋಗುವಾಗ ನಮ್ಮಲ್ಲಿ ನಿಲ್ಲಿಸಿದ್ದರಂತೆ. ಆ ತಾಯಿಗೆ ಇಡ್ಲಿ ಅಗಿಯಲು ಆಗುತ್ತಿರಲಿಲ್ಲ. ನಮ್ಮ ಸಪ್ಲೈಯರ್ ಒಬ್ಬ ದೂರದಿಂದ ನೋಡಿದ್ದಾನೆ. ಯಾರೂ ಕೇಳದೆ, ಒಳಗಿನಿಂದ ಒಂದು ಸ್ಟೀಲ್ ಬಟ್ಟಲು ತಂದು, ಬಿಸಿನೀರಲ್ಲಿ ಇಡ್ಲಿ ಕಿವುಚಿ, ಚಿಟಿಕೆ ಉಪ್ಪು, ಮೇಲೊಂದು ಚಮಚ ತುಪ್ಪ ಹಾಕಿ ಮುಂದಿಟ್ಟನಂತೆ. "ನಿಧಾನಕ್ಕೆ ತಿನ್ನವ್ವ, ಆತ್ರ ಏನಿಲ್ಲ" ಅಂದನಂತೆ. ಆ ತಾಯಿ ಈಗಿಲ್ಲ. "ಈ ಕಡೆ ಬಂದಾಗಲೆಲ್ಲಾ ಇಲ್ಲೇ ತಿನ್ನಬೇಕು ಅನ್ನಿಸುತ್ತೆ" ಅಂದರು.

ಆ ಹುಡುಗ ಯಾರು ಅಂತ ವಿಚಾರಿಸಿದೆ. ಗೊತ್ತಾದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆಂದರೆ ಒಂದು ದಿನ, ಹೋಟೆಲ್ ತುಂಬಾ ಜನ ಇರುವಾಗ, ನಾನು ಬೈದಿದ್ದು ಅವನಿಗೇ. ಅಳುತ್ತಿದ್ದ ಮಗುವಿಗೆ ಅರ್ಧ ಪ್ಲೇಟ್ ಮೊಸರನ್ನ ಸುಮ್ನೆ ಕೊಟ್ಟಿದ್ದ, ಬಿಲ್ ಮಾಡಿರಲಿಲ್ಲ. "ಯಾರಪ್ಪನ ಮನೆದು ಅಂತ ಕೊಟ್ಟೆ?" ಅಂತ ಗಲ್ಲಾದಿಂದಲೇ ಕೂಗಿದ್ದೆ. ಹುಡುಗ ಈಗಲೂ ನಮ್ಮಲ್ಲೇ ಇದ್ದಾನೆ. ಆದರೆ ಯಾರಾದರೂ ಇನ್ನೊಂಚೂರು ಚಟ್ನಿ ಕೇಳಿದರೂ ಮೊದಲು ಗಲ್ಲಾ ಕಡೆ ತಿರುಗಿ ನನ್ನ ಮುಖ ನೋಡುತ್ತಾನೆ.

ಇದನ್ನು ಸರಿ ಮಾಡುವುದು ಹೇಗೆ? ಬೇರೆ ಹುಡುಗರಲ್ಲೂ ಆ ಗುಣ ಬರುವಂತೆ ಮಾಡುವುದು ಹೇಗೆ? ಅನುಭವ ಇರುವವರು ದಯವಿಟ್ಟು ಬರೆಯಿರಿ.


ಹಳೆ ತರಬೇತುದಾರ, ಸರಸ್ವತಿಪುರಂ

ಸರ್, ದೊಡ್ಡ ಹೋಟೆಲುಗಳಲ್ಲಿ ಸಿಬ್ಬಂದಿಗೆ ತರಬೇತಿ ಕೊಡುವುದೇ ನನ್ನ ಕೆಲಸವಾಗಿತ್ತು, ಈಗ ನಿವೃತ್ತಿ. ಇಷ್ಟನ್ನು ಒಪ್ಪಿಕೊಂಡು ಬರೆಯುವ ಮಾಲೀಕರು ಕಡಿಮೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಹುಡುಗ ಗಲ್ಲಾ ಕಡೆ ನೋಡುತ್ತಾನೆ ಅಂದಿರಲ್ಲ, ರೋಗ ಇರುವುದು ಅಲ್ಲೇ. ರಿಟ್ಜ್ ಕಾರ್ಲ್‌ಟನ್ ಹೋಟೆಲುಗಳಲ್ಲಿ ಒಂದು ನಿಯಮ ಇದೆ. ಒಬ್ಬ ಅತಿಥಿಯ ತೊಂದರೆ ಸರಿ ಮಾಡಲು ಯಾವ ನೌಕರನಾದರೂ 2,000 ಡಾಲರ್‌ವರೆಗೆ ಖರ್ಚು ಮಾಡಬಹುದು, ಮೇಲಿನವರನ್ನು ಕೇಳಬೇಕಾಗಿಲ್ಲ. ರೂಮು ಗುಡಿಸುವವರಿಗೂ ಇದು ಅನ್ವಯಿಸುತ್ತದೆ. ಅಷ್ಟು ದುಡ್ಡು ಖರ್ಚಾಗುವ ಸಂದರ್ಭ ಅಪರೂಪ. ಆದರೆ ಅಧಿಕಾರ ತನ್ನ ಜೇಬಿನಲ್ಲಿದೆ ಅಂತ ಗೊತ್ತಿದ್ದವನು ನಿಲ್ಲುವ ರೀತಿಯೇ ಬೇರೆ. ನಾನು ಕಣ್ಣಾರೆ ನೋಡಿದ್ದೇನೆ, ಅದೇ ಹುಡುಗ, ಅದೇ ಸಂಬಳ, ಆದರೆ ಅತಿಥಿ ಎದುರು ಬಂದಾಗ ಹಿಂದೆ ಸರಿಯುವುದಿಲ್ಲ.

1981ರಲ್ಲಿ ಯಾನ್ ಕಾರ್ಲ್‌ಸನ್ ಅನ್ನುವವರು ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸಿನ ಮುಖ್ಯಸ್ಥರಾದರು. ಅವರದ್ದೊಂದು ಲೆಕ್ಕ ಪ್ರಸಿದ್ಧ. ವರ್ಷಕ್ಕೆ ಒಂದು ಕೋಟಿ ಪ್ರಯಾಣಿಕರು. ಒಬ್ಬೊಬ್ಬರೂ ಸುಮಾರು ಐದು ಸಿಬ್ಬಂದಿಯನ್ನು ಎದುರಾಗುತ್ತಾರೆ, ಒಂದೊಂದು ಸಲ ಸುಮಾರು 15 ಸೆಕೆಂಡ್. ಅಂದರೆ ವರ್ಷಕ್ಕೆ ಐದು ಕೋಟಿ ಸಲ, ಹದಿನೈದು ಹದಿನೈದು ಸೆಕೆಂಡಿನಲ್ಲಿ, ಜನ ಆ ಕಂಪನಿಯ ಬಗ್ಗೆ ತೀರ್ಮಾನ ಮಾಡುತ್ತಾರೆ. ಆ ಹೊತ್ತಿನಲ್ಲಿ ಮ್ಯಾನೇಜರ್ ಅಲ್ಲಿರುವುದಿಲ್ಲ. ನಿಮ್ಮಲ್ಲೂ ಲೆಕ್ಕ ಹಾಕಿ ನೋಡಿ ಸರ್. ಟೇಬಲ್ ಒರೆಸುವವನು, ನೀರು ಇಡುವವನು, ಆರ್ಡರ್ ತೆಗೆದುಕೊಳ್ಳುವವನು, ತಂದು ಕೊಡುವವನು, ಕೊನೆಗೆ ಗಲ್ಲಾದಲ್ಲಿ ನೀವು.

ಇನ್ನೊಂದು, ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತೀರಿ ಅನ್ನುವುದು. 2008ರ ನವೆಂಬರ್ 26ರಂದು ಮುಂಬೈನ ತಾಜ್ ಹೋಟೆಲಿನ ಮೇಲೆ ದಾಳಿ ಆದಾಗ ಅಲ್ಲಿನ ಸಿಬ್ಬಂದಿ ಓಡಿಹೋಗಲಿಲ್ಲ. ಹಿಂಬಾಗಿಲುಗಳೆಲ್ಲಾ ಅವರಿಗೆ ಗೊತ್ತಿದ್ದವು. ಆದರೂ ಅತಿಥಿಗಳನ್ನು ಮೊದಲು ಹೊರಗೆ ಕಳಿಸಿದರು, ಹಲವರು ಪ್ರಾಣ ಕೊಟ್ಟರು. ಹಾಗೆ ಮಾಡಿ ಅಂತ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಹಾರ್ವರ್ಡ್‌ನವರು ಬಂದು ಇದನ್ನು ಅಧ್ಯಯನ ಮಾಡಿದರು. ಅವರಿಗೆ ಕಂಡದ್ದು: ತಾಜ್‌ನವರು ಹುಡುಗರನ್ನು ಹುಡುಕುವುದು ಹೆಚ್ಚಾಗಿ ಸಣ್ಣ ಊರುಗಳಲ್ಲಿ. ಇಂಗ್ಲಿಷಿಗಿಂತ, ಮಾರ್ಕ್ಸಿಗಿಂತ ಮೊದಲು ನೋಡುವುದು ಹಿರಿಯರಿಗೆ ಗೌರವ ಕೊಡುತ್ತಾರಾ, ನಗುನಗುತ್ತಾ ಇರುತ್ತಾರಾ ಅನ್ನುವುದನ್ನು. ಆ ಅಜ್ಜಿಗೆ ಇಡ್ಲಿ ಕಿವುಚಿ ಕೊಟ್ಟವನನ್ನು ನೀವು ಈಗಾಗಲೇ ಆರಿಸಿದ್ದೀರಿ ಸರ್. ಅವನಿಗೆ ಕಲಿಸಬೇಕಾದ್ದು ಏನೂ ಇಲ್ಲ.


ಸೀರೆ ಅಂಗಡಿ ಅಕ್ಕ, ಮೈಸೂರು

ನಾನು ದೇವರಾಜ ಅರಸು ರಸ್ತೆಯಲ್ಲಿ ಸೀರೆ ಅಂಗಡಿಯಲ್ಲಿ ಕೆಲಸ ಮಾಡುವವಳು, ಹತ್ತೊಂಬತ್ತು ವರ್ಷ ಆಯಿತು. ಮಾಲೀಕರ ಕಡೆಯಿಂದಲ್ಲ, ಕೆಲಸದವರ ಕಡೆಯಿಂದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಅಣ್ಣ.

ನಲವತ್ತು ಸೀರೆ ಬಿಚ್ಚಿಸಿ ಏನೂ ತಗೊಳ್ಳದೆ ಎದ್ದು ಹೋಗುವವರು ದಿನಾ ಇರುತ್ತಾರೆ. ನಮಗೆ ಅದು ಕಷ್ಟ ಅಲ್ಲ. ಮದುವೆ ಸೀರೆ ಅಂದರೆ ನಾಲ್ಕು ಅಂಗಡಿ ನೋಡದೆ ಯಾರು ತಗೊಳ್ಳುತ್ತಾರೆ? ಕಷ್ಟ ಅನ್ನಿಸುವುದು ಅವರು ಮೆಟ್ಟಿಲು ಇಳಿಯುವ ಮೊದಲೇ ಮ್ಯಾನೇಜರ್ ಬಂದು "ಯಾಕೆ ಬಿಟ್ಟೆ?" ಅಂತ ಕೇಳಿದಾಗ. ಮೊದಲು ನಾನಿದ್ದ ಒಂದು ಅಂಗಡಿಯಲ್ಲಿ ಹೀಗೇ ಇತ್ತು. ಮಾರಿದ್ದಕ್ಕೆ ಕಮಿಷನ್, ಮಾರದಿದ್ದರೆ ಮಾತು. ಅಲ್ಲಿ ಬಂದವರ ಮುಖ ನೋಡಿದ ತಕ್ಷಣ ಇವರು ತಗೊಳ್ಳುವವರಾ, ಸುಮ್ನೆ ನೋಡುವವರಾ ಅಂತ ಅಳೆಯುವುದನ್ನು ಕಲಿತೆ. ಹವಾಯಿ ಚಪ್ಪಲಿ ಹಾಕಿಕೊಂಡು ಬಂದವರಿಗೆ ಎರಡು ಸೀರೆ ತೋರಿಸಿ ಕೈ ಬಿಡುತ್ತಿದ್ದೆ. ಈಗ ನೆನೆದರೆ ಸಂಕಟ ಆಗುತ್ತದೆ. ಅವರು ಎಷ್ಟು ವರ್ಷ ಚೀಟಿ ಕಟ್ಟಿ ಬಂದಿದ್ದರೋ.

ಈಗಿರುವ ಅಂಗಡಿಯಲ್ಲಿ ಯಜಮಾನರು ಹೇಳಿರುವುದು ಒಂದೇ, ಸುಳ್ಳು ಹೇಳಬೇಡಿ. ಮೈಸೂರಿಗೆ ಬಂದವರು "ಇದು ಕೆಎಸ್‌ಐಸಿ ಸೀರೆನಾ?" ಅಂತ ಕೇಳೇ ಕೇಳುತ್ತಾರೆ. ಕೆಎಸ್‌ಐಸಿ ಅಂದರೆ ಸರ್ಕಾರದ ರೇಷ್ಮೆ ನಿಗಮ, 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಕಾರ್ಖಾನೆ ಅವರದ್ದು, ಆ ಹೆಸರಿಗೆ ಅಷ್ಟು ಬೆಲೆ. ನಾವು ನೇರವಾಗಿ ಹೇಳುತ್ತೇವೆ, "ಅಲ್ಲಮ್ಮ, ಆ ಸೀರೆಯಲ್ಲಿ ಕೋಡ್ ನಂಬರ್, ಹೋಲೋಗ್ರಾಂ ಇರುತ್ತೆ, ಅದು ಅವರ ಮಳಿಗೆಯಲ್ಲೇ ಸಿಗುತ್ತೆ. ಇದು ಬೇರೆ ರೇಷ್ಮೆ, ಇದರ ಗುಣ ಇದು." ಕೆಲವರು ಎದ್ದು ಹೋಗುತ್ತಾರೆ. ಹೋದರೂ ನಮಗೆ ಯಾರೂ ಬೈಯುವುದಿಲ್ಲ. ಆಮೇಲೆ ಮಗಳ ಸೀಮಂತಕ್ಕೆ ಅವರೇ ಹುಡುಕಿಕೊಂಡು ಬಂದು "ಆ ಅಕ್ಕ ಇದ್ದಾರಾ" ಅಂತ ಕೇಳಿದ್ದಿದೆ.

ಇನ್ನೊಂದು ಮಾತು. ಕಾಲು. ನಾವು ಬೆಳಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ನಿಂತೇ ಇರುತ್ತೇವೆ. ಗಿರಾಕಿ ಇಲ್ಲದಾಗಲೂ ಕೂರುವ ಹಾಗಿಲ್ಲ ಅನ್ನುವ ಅಂಗಡಿಗಳು ಎಷ್ಟೋ ಇವೆ. ಇದಕ್ಕಾಗಿ ಕೇರಳದಲ್ಲಿ ಹೆಣ್ಣುಮಕ್ಕಳು ಹೋರಾಟ ಮಾಡಿ, 2018ರಲ್ಲಿ ಕಾನೂನನ್ನೇ ತಿದ್ದಿಸಿದರು, ಕೂರುವುದಕ್ಕೆ ಜಾಗ ಕೊಡಲೇಬೇಕು ಅಂತ. 2021ರಲ್ಲಿ ತಮಿಳುನಾಡಿನಲ್ಲೂ ಬಂತು. ನಮ್ಮ ಯಜಮಾನರು ಯಾವ ಕಾನೂನಿಗೂ ಕಾಯದೆ ನಾಲ್ಕು ಸ್ಟೂಲ್ ಹಾಕಿಸಿದರು. ಸಂಜೆ ಏಳಕ್ಕೆ ಬಂದವರಿಗೆ ನಾನು ಮನಸ್ಸಿಟ್ಟು ಸೀರೆ ತೋರಿಸುವುದು ಆ ಸ್ಟೂಲಿನಿಂದಲೇ. ಹಿಮ್ಮಡಿ ಉರಿಯುತ್ತಿದ್ದರೆ ನಗು ಎಲ್ಲಿಂದ ಬರಬೇಕು, ಹೇಳಿ. ನಿಮ್ಮ ಹುಡುಗರು ಊಟ ಎಷ್ಟು ಹೊತ್ತಿಗೆ ಮಾಡುತ್ತಾರೆ ಅಣ್ಣ? ಎಲ್ಲಿ ಕೂತು ಮಾಡುತ್ತಾರೆ?


ಬೇಕರಿ, ಕುವೆಂಪುನಗರ

ಎಲ್ಲರೂ ಒಳ್ಳೆಯ ಮಾತೇ ಹೇಳಿದ್ದೀರಿ. ನನ್ನ ಅನುಭವ ಬೇರೆ, ಅದನ್ನೂ ಇಲ್ಲಿ ಇಡುತ್ತೇನೆ. ಹುಡುಗರಿಗೆ ಸ್ವಾತಂತ್ರ್ಯ ಕೊಟ್ಟೆ. ಒಬ್ಬ ಸ್ನೇಹಿತರಿಗೆಲ್ಲಾ ಪಫ್ ಹಂಚಿದ. ಇನ್ನೊಬ್ಬ ಎಲ್ಲಾ ಕಲಿತು, ದಸರಾ ಮುಗಿದ ಮಾರನೇ ದಿನ ಸಾವಿರ ರೂಪಾಯಿ ಜಾಸ್ತಿ ಕೊಡುವ ಕಡೆ ಹೋದ. ಈಗ ನನ್ನಲ್ಲಿ ಅರ್ಧ ಜನ ಅಸ್ಸಾಂ ಕಡೆಯವರು, ಅವರಿಗೆ ಕನ್ನಡವೇ ಬರುವುದಿಲ್ಲ. ಅಜ್ಜಿಗೆ "ನಿಧಾನಕ್ಕೆ ತಿನ್ನವ್ವ" ಅಂತ ಅವರ ಬಾಯಲ್ಲಿ ಹೇಗೆ ಬರುತ್ತದೆ? ಸಣ್ಣ ಅಂಗಡಿಯವರಿಗೆ ರಿಟ್ಜ್, ತಾಜ್ ಉದಾಹರಣೆ ಎಟುಕುವುದಿಲ್ಲ ಸರ್.


ಹಳೆ ತರಬೇತುದಾರ, ಸರಸ್ವತಿಪುರಂ

ನಿಮ್ಮ ನಷ್ಟ ನಿಜವಾದದ್ದು, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಪಫ್ ಹಂಚಿದವನನ್ನು ಹಿಡಿಯಬೇಕಾದರೆ ಮಿತಿ ಮೊದಲೇ ಹೇಳಿರಬೇಕು. ರಿಟ್ಜ್‌ನವರ ನಿಯಮದಲ್ಲೂ ಒಂದು ಅಂಕಿ ಇದೆ, ನೋಡಿ. ನಿಮ್ಮ ಅಂಗಡಿಗೆ ಅದು 2,000 ಡಾಲರ್ ಆಗಬೇಕಾಗಿಲ್ಲ, ದಿನಕ್ಕೆ ನೂರು ರೂಪಾಯಿ ಸಾಕು. ನೂರರೊಳಗೆ ಅವನ ಇಷ್ಟ, ಯಾಕೆ ಅಂತ ಕೇಳುವಂತಿಲ್ಲ. ನೂರು ದಾಟಿದರೆ ನಿಮ್ಮನ್ನು ಕೇಳಬೇಕು. ಸಂಜೆ ಒಂದು ಪುಸ್ತಕದಲ್ಲಿ ಒಂದು ಸಾಲು ಬರೆದಿಡಬೇಕು, ಯಾರಿಗೆ ಏನು ಕೊಟ್ಟೆ ಅಂತ.


ಸೀರೆ ಅಂಗಡಿ ಅಕ್ಕ, ಮೈಸೂರು

ಬೇಕರಿ ಸರ್, ಭಾಷೆ ಬಗ್ಗೆ ಒಂದು ಮಾತು. ನಮ್ಮ ರಸ್ತೆಯ ಟೀ ಅಂಗಡಿಯಲ್ಲಿ ಒಬ್ಬ ಅಸ್ಸಾಂ ಹುಡುಗ ಇದ್ದಾನೆ. ಬಂದಾಗ ಅವನಿಗೆ ಗೊತ್ತಿದ್ದದ್ದು ನಾಲ್ಕೇ ಮಾತು. "ಬನ್ನಿ", "ಕೂತ್ಕೊಳ್ಳಿ", "ಸಕ್ಕರೆ ಬೇಕಾ", "ಸಾಕಾ". ನನಗೆ ಶುಗರ್ ಅಂತ ಒಂದೇ ಸಲ ಹೇಳಿದ್ದು. ಮಾರನೇ ದಿನದಿಂದ ನನ್ನ ಲೋಟ ಬೇರೆ ಇಡುತ್ತಾನೆ, ಕೇಳುವುದೂ ಇಲ್ಲ. ಅದಕ್ಕೆ ಕನ್ನಡ ಎಷ್ಟು ಬೇಕಾಯಿತು? ಆದರೆ ಆ ನಾಲ್ಕು ಮಾತನ್ನು ಅವನಿಗೆ ಕೂರಿಸಿಕೊಂಡು ಕಲಿಸಿದವರು ಅವನ ಯಜಮಾನಮ್ಮ.


ಒಬ್ಬ ಗ್ರಾಹಕಿ, ವಿಜಯನಗರ

ಗ್ರಾಹಕರ ಕಡೆಯಿಂದ ಬರೆಯುತ್ತೇನೆ. ನಮ್ಮನೆ ವಾಷಿಂಗ್ ಮಷಿನ್ ಕೆಟ್ಟಿತ್ತು. ಕಂಪನಿ ಹೆಸರು ಬೇಡ. ಬಂದ ಹುಡುಗ ಚೆನ್ನಾಗೇ ರಿಪೇರಿ ಮಾಡಿದ. ಹೋಗುವಾಗ ಬಾಗಿಲಲ್ಲಿ ನಿಂತು, ಫೋನ್ ಹಿಡಿದು, "ಮೇಡಂ, ಐದು ಸ್ಟಾರ್ ಒತ್ತಿಬಿಡಿ, ನಾಲ್ಕು ಕೊಟ್ಟರೆ ನನ್ನ ಇನ್ಸೆಂಟಿವ್ ಕಟ್ ಆಗುತ್ತೆ" ಅಂದ. ಮನೆಯಲ್ಲಿ ತಂಗಿ ಮದುವೆ ಇದೆ ಅಂತಲೂ ಹೇಳಿದ. ಒತ್ತಿದೆ. ಆದರೆ ಅವನು ಮಷಿನ್ ತೆರೆದು ಎಷ್ಟು ಜಾಗ್ರತೆಯಾಗಿ ಕೆಲಸ ಮಾಡಿದ ಅನ್ನುವುದು ಮರೆತೇ ಹೋಯಿತು, ಆ ಬೇಡುವ ಮುಖ ಮಾತ್ರ ಉಳಿಯಿತು. ಆ ಸ್ಟಾರ್‌ಗಳನ್ನು ಆಫೀಸಿನಲ್ಲಿ ಕೂತು ಎಣಿಸುವವರಿಗೆ ಗಿರಾಕಿ ಖುಷಿಯಾಗಿದ್ದಾರೆ ಅಂತ ಕಾಣುತ್ತದೆ, ಅಲ್ವಾ? ಹೋಟೆಲ್ ಸರ್, ದಯವಿಟ್ಟು ನಿಮ್ಮ ಹುಡುಗರ ಕೈಯಲ್ಲಿ ರಿವ್ಯೂ ಕೇಳಿಸಬೇಡಿ.


ಮನಶ್ಶಾಸ್ತ್ರ ಪಾಠ ಮಾಡುವವರು, ಮಾನಸಗಂಗೋತ್ರಿ ಹತ್ತಿರ

ಮೇಡಂ ಹೇಳಿದ್ದು ಯಾಕೆ ಹಾಗಾಗುತ್ತದೆ ಅನ್ನುವುದಕ್ಕೆ ಒಂದು ಪ್ರಯೋಗ ಇದೆ, ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ. 1993ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಜೊತೆಯವರು ಮಾಡಿದ್ದು. ಮುಂದೆ 2002ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಕೆಲವರು 14 ಡಿಗ್ರಿ ತಣ್ಣೀರಿನಲ್ಲಿ 60 ಸೆಕೆಂಡ್ ಕೈ ಇಡಬೇಕು. ಇನ್ನೊಂದು ಸಲ ಅದೇ ನೀರಿನಲ್ಲಿ 60 ಸೆಕೆಂಡ್, ಆಮೇಲೆ ಇನ್ನೂ 30 ಸೆಕೆಂಡ್. ಆ ಮೂವತ್ತು ಸೆಕೆಂಡಿನಲ್ಲಿ ನೀರನ್ನು ಮೆಲ್ಲಗೆ 15 ಡಿಗ್ರಿಗೆ ಏರಿಸುತ್ತಾರೆ. ಮತ್ತೊಮ್ಮೆ ಮಾಡಬೇಕಾದರೆ ಯಾವುದು ಮಾಡುತ್ತೀರಿ ಅಂತ ಕೇಳಿದಾಗ ಹೆಚ್ಚಿನವರು ಎರಡನೆಯದನ್ನೇ ಆರಿಸಿದರು. ನೋವು ಜಾಸ್ತಿ ಹೊತ್ತು, ಆದರೆ ಕೊನೆ ಸ್ವಲ್ಪ ಹಿತ. ನಮ್ಮ ನೆನಪು ಗಡಿಯಾರ ನೋಡಿ ಲೆಕ್ಕ ಹಾಕುವುದಿಲ್ಲ. ತುಂಬಾ ತಟ್ಟಿದ ಒಂದು ಗಳಿಗೆ ಮತ್ತು ಮುಗಿದ ಗಳಿಗೆ, ಇವೆರಡೇ ಹೆಚ್ಚು ಉಳಿಯುತ್ತವೆ.

ನಿಮ್ಮ ಹೋಟೆಲಿನಲ್ಲಿ ಆ ಅಜ್ಜಿಯ ಬಟ್ಟಲು ತಟ್ಟಿದ ಗಳಿಗೆ. ಕೊನೆಯ ಗಳಿಗೆ ಯಾವುದು ಸರ್?


ಹಳೇರಸ್ತೆ ಹೋಟೆಲ್, ಮಂಡ್ಯ

ಕೊನೆಯ ಗಳಿಗೆ ನಾನು. ಇದನ್ನು ಓದಿ ಇವತ್ತು ಬೆಳಗ್ಗೆ ನನ್ನನ್ನೇ ಗಮನಿಸಿಕೊಂಡೆ. ಗಿರಾಕಿ ಬಿಲ್ ಇಡುತ್ತಾರೆ, ಸ್ಕ್ಯಾನ್ ಮಾಡುತ್ತಾರೆ, ಸೌಂಡ್ ಬಾಕ್ಸ್ ದುಡ್ಡು ಬಂತು ಅಂತ ಕೂಗುತ್ತದೆ. ನಾನು ತಲೆ ಎತ್ತುವುದೇ ಇಲ್ಲ. ಡಬ್ಬಿ ಮಾತಾಡುತ್ತದೆ, ಮನುಷ್ಯ ಮಾತಾಡುವುದಿಲ್ಲ. ಅಪ್ಪ ಇದ್ದಾಗ ಚಿಲ್ಲರೆ ಎಣಿಸುವ ನೆಪದಲ್ಲಾದರೂ "ಯಾವೂರು, ಊಟ ಆಯ್ತಾ, ಹುಷಾರಾಗಿ ಹೋಗಿ" ಅನ್ನುತ್ತಿದ್ದರು.

ಅಕ್ಕ ಕೇಳಿದ ಪ್ರಶ್ನೆಗೆ ಉತ್ತರ: ಹುಡುಗರು ಮಧ್ಯಾಹ್ನ ಮೂರೂವರೆಗೆ, ಹಿಂದುಗಡೆ ಗ್ಯಾಸ್ ಸಿಲಿಂಡರ್ ಹತ್ತಿರ ನಿಂತು ತಿನ್ನುತ್ತಾರೆ. ಉಳಿದ ಪಲ್ಯ, ಉಳಿದ ಸಾಂಬಾರ್. ಬರೆಯುವುದಕ್ಕೇ ನಾಚಿಕೆ ಆಗುತ್ತಿದೆ.


ನಿವೃತ್ತ ಬ್ಯಾಂಕ್ ನೌಕರ, ಪಾಂಡವಪುರ

ನಿಯಮ ಬಿಗಿ ಇರುವ ಕಡೆ ಏನು ಮಾಡಬಹುದು ಅಂತ ಸ್ವಲ್ಪ ಹೇಳುತ್ತೇನೆ. ಬ್ಯಾಂಕಿನಲ್ಲಿ ನಮ್ಮ ಕೈಯಲ್ಲಿ ಒಂದು ರೂಪಾಯಿ ಬಿಡುವ ಅಧಿಕಾರವೂ ಇರಲಿಲ್ಲ. ನವೆಂಬರ್ ಬಂತೆಂದರೆ ಪಿಂಚಣಿದಾರರು ಜೀವನ ಪ್ರಮಾಣ ಪತ್ರ ಕೊಡಲು ಸಾಲು ನಿಲ್ಲುತ್ತಿದ್ದರು. 2014ರಿಂದ ಬೆರಳಚ್ಚು ಕೊಟ್ಟು ಡಿಜಿಟಲ್ ಆಗಿ ಮಾಡಿಸುವ ವ್ಯವಸ್ಥೆ ಬಂತು. ಆದರೆ ಹೊಲದಲ್ಲಿ ದುಡಿದು ದುಡಿದು ಸವೆದ ಬೆರಳು ಮಷಿನ್‌ಗೆ ತಿಳಿಯುವುದೇ ಇಲ್ಲ. ಒಂದು ಸಲ ಒತ್ತು, ಎರಡು ಸಲ ಒತ್ತು, ಇನ್ನೊಂದು ಬೆರಳು ಒತ್ತು. ಹಿಂದೆ ನಿಂತವರು ಗೊಣಗುತ್ತಾರೆ. ಆ ಅಜ್ಜಿಯ ಮುಖ ಬಾಡುತ್ತದೆ, ಏನೋ ತಪ್ಪು ಮಾಡಿದವರ ಹಾಗೆ.

ನಮ್ಮ ಶಾಖೆಯಲ್ಲಿ ಒಬ್ಬ ಅಟೆಂಡರ್ ಇದ್ದರು. ಒದ್ದೆ ಬಟ್ಟೆ ತಂದು ಆ ಬೆರಳನ್ನು ಒರೆಸಿ, ತಮ್ಮ ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದು ಬೆಚ್ಚಗೆ ಮಾಡಿ, ಆಮೇಲೆ ಮಷಿನ್ ಮೇಲೆ ಇಡಿಸುತ್ತಿದ್ದರು. "ತಪ್ಪು ನಿಂದಲ್ಲ ಕಣವ್ವ, ಮಿಷಿನ್ದು" ಅನ್ನುತ್ತಿದ್ದರು. ಯಾವ ಸುತ್ತೋಲೆಯಲ್ಲೂ ಅದಿರಲಿಲ್ಲ, ಯಾವ ನಿಯಮವೂ ಮುರಿಯಲಿಲ್ಲ. ನಮ್ಮ ಮ್ಯಾನೇಜರ್ ಮಾಡಿದ್ದು ಇಷ್ಟೇ, ಆ ತಿಂಗಳು ಅವರಿಗೆ ಬೇರೆ ಕೆಲಸ ಹಚ್ಚಲಿಲ್ಲ. ಬೇರೆ ಮ್ಯಾನೇಜರ್ ಆಗಿದ್ದರೆ ಟಪಾಲು ಕೊಟ್ಟು ಕಳಿಸುತ್ತಿದ್ದರು. ನಾನು ನಿವೃತ್ತಿಯಾಗಿ ಎಷ್ಟೋ ವರ್ಷವಾಯಿತು, ಈಗಲೂ ಸಂತೆಯಲ್ಲಿ ಸಿಕ್ಕವರು ಅವರನ್ನೇ ಕೇಳುತ್ತಾರೆ.


ಹಳೇರಸ್ತೆ ಹೋಟೆಲ್, ಮಂಡ್ಯ

ಆರು ವಾರ ಆಯಿತು, ಏನಾಯಿತು ಅಂತ ಹೇಳಬೇಕು ಅನ್ನಿಸಿತು.

ಮೊದಲು ಊಟ. ಹನ್ನೆರಡಕ್ಕೆ ಮುಂಚೆ, ಗಿರಾಕಿಗಳು ಬರುವುದಕ್ಕಿಂತ ಮೊದಲು, ಎರಡು ಟೇಬಲ್‌ನಲ್ಲಿ ಹುಡುಗರು ಕೂತು ಉಣ್ಣುತ್ತಾರೆ. ಭಟ್ಟರೂ ಅಲ್ಲೇ, ನಾನೂ ಅಲ್ಲೇ. ಬಿಸಿ ಅನ್ನ, ಅವತ್ತಿನ ಸಾರು. ಮೊದಲ ವಾರ ಯಾರೂ ಮಾತಾಡಲಿಲ್ಲ, ತಲೆ ತಗ್ಗಿಸಿ ಬೇಗ ಬೇಗ ತಿಂದು ಎದ್ದರು. ಈಗ ಯಾವ ಗಿರಾಕಿ ಏನಂದರು ಅನ್ನುವ ಮಾತು ಅಲ್ಲೇ ಬರುತ್ತದೆ. ಸಾಂಬಾರಿಗೆ ಉಪ್ಪು ಜಾಸ್ತಿ ಅನ್ನುವುದು ಸಂಜೆ ಬದಲು ಮಧ್ಯಾಹ್ನವೇ ನನಗೆ ಗೊತ್ತಾಗುತ್ತಿದೆ.

ಎರಡನೆಯದು ನೂರೈವತ್ತು ರೂಪಾಯಿ. ಒಬ್ಬೊಬ್ಬ ಸಪ್ಲೈಯರ್‌ಗೆ ದಿನಕ್ಕೆ ಇಷ್ಟು, ಯಾರಿಗೆ ಏನು ಕೊಟ್ಟರೂ ಕೇಳುವುದಿಲ್ಲ, ಪುಸ್ತಕದಲ್ಲಿ ಬರೆದರೆ ಸಾಕು. ಪುಸ್ತಕ ನನ್ನ ಮುಂದೆಯೇ ಇದೆ, ಕೆಲವು ಸಾಲು ಹಾಗೇ ಇಳಿಸುತ್ತೇನೆ. "ಮಗು ದೋಸೆ ಕೆಳಗೆ ಬೀಳಿಸ್ತು, ಬೇರೆ ಕೊಟ್ಟೆ." "ಕೆಎಸ್‌ಆರ್‌ಟಿಸಿ ಡ್ರೈವರ್‌ಗೆ ಜ್ವರ, ಶುಂಠಿ ಕಾಫಿ." "ಒಬ್ರು ಅಳ್ತಾ ಕೂತಿದ್ರು, ಏನೂ ಕೇಳಲಿಲ್ಲ, ನೀರಿಟ್ಟೆ. ಖರ್ಚು ಇಲ್ಲ." ಇದುವರೆಗೆ ಯಾರೂ ಒಂದು ದಿನವೂ ನೂರೈವತ್ತು ಪೂರ್ತಿ ಖರ್ಚು ಮಾಡಿಲ್ಲ. ಒಬ್ಬ ಎರಡು ದಿನ ಸ್ನೇಹಿತರಿಗೆ ಕೊಟ್ಟು ಸುಳ್ಳು ಬರೆದ, ಬೇಕರಿ ಸರ್ ಹೇಳಿದ್ದೂ ಆಯಿತು. ಕರೆದು ಒಳಗೆ ಕೂರಿಸಿಕೊಂಡು ಮಾತಾಡಿದೆ, ಎಲ್ಲರ ಮುಂದೆ ಅಲ್ಲ. ವ್ಯಾಪಾರ ಜಾಸ್ತಿ ಆಯಿತಾ ಅಂತ ಕೇಳಿದರೆ ಇನ್ನೂ ಹೇಳುವ ಹಾಗಿಲ್ಲ. ಬೈಪಾಸ್ ಅಲ್ಲೇ ಇದೆ.

ಆ ಹುಡುಗನ ವಿಷಯ. ಅವನ ಹತ್ತಿರ ಕ್ಷಮೆ ಕೇಳಿದೆ. ಬೈದಿದ್ದು ಎಲ್ಲರ ಮುಂದೆ, ಹಾಗಾಗಿ ಕೇಳಿದ್ದೂ ಊಟದ ಟೇಬಲ್‌ನಲ್ಲಿ ಎಲ್ಲರ ಮುಂದೆಯೇ. "ಬಿಡಣ್ಣ, ಅದ್ಯಾವಾಗಿಂದೋ" ಅಂದ. ಆದರೆ ಐದು ವಾರ ಅವನ ಪುಟ ಖಾಲಿಯೇ ಇತ್ತು. ಚಟ್ನಿಗೂ ನನ್ನ ಕಡೆ ನೋಡುವುದು ನಿಂತಿರಲಿಲ್ಲ.

ಮೊನ್ನೆ ಸೋಮವಾರ ಬೆಳಗ್ಗೆ ಒಬ್ಬ ಅಜ್ಜ, ಜೊತೆಗೆ ಮೊಮ್ಮಗಳು ಬಂದರು. ಪರೀಕ್ಷೆಗೆ ಹೋಗುವ ಹುಡುಗಿ, ಹಾಲ್ ಟಿಕೆಟ್ ಕೈಯಲ್ಲಿ, ತಿಂಡಿ ಮುಟ್ಟುತ್ತಿರಲಿಲ್ಲ. ಅಜ್ಜ "ಎರಡು ತುತ್ತು ತಿನ್ನು ಮಗ" ಅಂತ ಹೇಳುತ್ತಲೇ ಇದ್ದರು. ಇವನು ಒಳಗೆ ಹೋಗಿ ಎರಡು ಬಿಸಿ ಇಡ್ಲಿ ಬಾಳೆ ಎಲೆಯಲ್ಲಿ ಕಟ್ಟಿಸಿ, ನಡುವೆ ಚಟ್ನಿಪುಡಿ ತುಪ್ಪ ಹಚ್ಚಿಸಿ, ಪೇಪರ್ ಸುತ್ತಿ ತಂದ. "ಈಗ ಬ್ಯಾಡ ಅಂದ್ರೆ ಬ್ಯಾಡ. ಬರ್ದು ಆಚೆ ಬಂದ್ಮೇಲೆ ತಿನ್ನವ್ವ" ಅಂತ ಅವಳ ಬ್ಯಾಗಿನ ಪಕ್ಕದ ಜೇಬಲ್ಲಿ ತಾನೇ ಇಟ್ಟ. ನಾನು ಗಲ್ಲಾದಲ್ಲೇ ಕೂತಿದ್ದೆ. ಅವನು ಈ ಕಡೆ ತಿರುಗಲಿಲ್ಲ.

ಸಂಜೆ ಪುಸ್ತಕ ತೆಗೆದು ನೋಡಿದೆ. "ಇಡ್ಲಿ 2, ಪರೀಕ್ಷೆ" ಅಂತ ಬರೆದಿದ್ದ.


ಸೀರೆ ಅಂಗಡಿ ಅಕ್ಕ, ಮೈಸೂರು

ಓದಿ ಕಣ್ಣು ತುಂಬಿ ಬಂತು ಅಣ್ಣ. ಮುಂದಿನ ಭಾನುವಾರ ಅಮ್ಮನ ಜೊತೆ ಮದ್ದೂರಿಗೆ ಹೋಗಬೇಕು, ನಿಮ್ಮ ಕಡೆಯಿಂದಲೇ ಬರುತ್ತೇವೆ. ಇಡ್ಲಿ ಎಷ್ಟು ಗಂಟೆವರೆಗೆ ಸಿಗುತ್ತದೆ?


ಹಳೇರಸ್ತೆ ಹೋಟೆಲ್, ಮಂಡ್ಯ

ಹನ್ನೊಂದೂವರೆವರೆಗೆ ಅಕ್ಕ. ತಡವಾದರೂ ಬನ್ನಿ, ಅಮ್ಮನಿಗೆ ಎತ್ತಿಟ್ಟಿರುತ್ತೇವೆ.